ಇಪ್ಪತ್ನಾಲ್ಕನೆಯ ಹತ್ತಿ ತುದಿ

ಫೆಬ್ರವರಿ ಎರಡು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಇದೆಲ್ಲ ಶುರುವಾದದ್ದು ಆಗ. ನನ್ನ ನೋಟ್‌ಬುಕ್ಕಿನಲ್ಲಿ ಹಾಗೇ ಬರೆದಿದೆ.

ನಿಮ್ಮ ಇಯರ್‌ಬಡ್ಸ್ ಕೊಳಕಾಗಿದ್ದರೆ ಹಲಸೂರಿಗೆ ಬಂದು ನನ್ನ ಸೋದರಮಾವನ ಕೈಗೆ ಕೊಡಿ. ವಿಮಾನದ ಎಂಜಿನ್ನಿನೊಳಗೆ ಕೂರಿಸಬಹುದಾದಷ್ಟು ಚೊಕ್ಕಟವಾಗಿ ಅವು ವಾಪಸ್ ಬರುತ್ತವೆ. ಯಾವತ್ತು ಬರುತ್ತವೆ ಎಂದು ಮಾತ್ರ ಕೇಳಬೇಡಿ! ಹಾಗೆ ಕೇಳಿದವರ ಇಯರ್‌ಬಡ್ಸ್ ಸಾಲಿನಲ್ಲಿ ಕೊನೆಗೆ ಹೋಗುತ್ತವೆ.

ಮಾವ ಅಮ್ಮನ ಅಣ್ಣ. ವಿಮಾನಪುರದ ಕಡೆ ಮೂವತ್ನಾಲ್ಕು ವರ್ಷ ವಿಮಾನದ ಬಿಡಿಭಾಗಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸ ಮಾಡಿ ನಿವೃತ್ತರಾದವರು. ಭಾಗ ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ. ಅವರು ಹಸಿರು ಕಟ್ಟಿದ ಒಂದೇ ಒಂದು ಭಾಗವೂ ಇದುವರೆಗೆ ದೂರಿನ ಸಮೇತ ವಾಪಸ್ ಬಂದಿಲ್ಲ. ಇದನ್ನು ಅವರು ದಿನಕ್ಕೆ ಸರಾಸರಿ ಎರಡು ಸಲ ಹೇಳುತ್ತಾರೆ (ಎಣಿಸಿದ್ದೇನೆ). ಬೇರೆಯವರು ಮನೆ, ಸೈಟು, ಮೊಮ್ಮಕ್ಕಳು ಎಂದು ತೋರಿಸುತ್ತಾರಲ್ಲ, ಮಾವನಿಗೆ ತೋರಿಸಲು ಇರುವುದು ಇದೊಂದೇ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, “ಯಾವ ಸಂಬಂಧಾನೂ ಪಾಸಾಗ್ಲಿಲ್ಲ” ಅನ್ನುತ್ತಾರೆ. ಫೇಲ್ ಮಾಡಿದ್ದು ಯಾವ ಕಡೆಯವರು ಎಂಬ ಬಗ್ಗೆ ಅಮ್ಮನ ಹತ್ತಿರ ಬೇರೆ ದಾಖಲೆ ಇದೆ.

ನಿವೃತ್ತರಾದ ಮೇಲೆ ಮಾವ ನಮ್ಮ ಮನೆಯ ಮಹಡಿ ಕೋಣೆಗೆ ಬಂದರು. ಪರೀಕ್ಷಿಸಲು ಏನೂ ಇಲ್ಲದೆ ನಾಲ್ಕು ವರ್ಷ ತುಂಬ ಕಷ್ಟಪಟ್ಟರು. ಹಾಲಿನವನ ಪ್ಯಾಕೆಟ್ಟು, ಗ್ಯಾಸ್ ಸಿಲಿಂಡರಿನ ವಾಷರು, ಅಮ್ಮನ ಚಪಾತಿಯ ಅಂಚಿನ ದಪ್ಪ, ಎಲ್ಲವೂ ಅವರ ಕೈಯಲ್ಲಿ ಪಾಸು ಫೇಲಾದವು. ಅಮ್ಮನ ಚಪಾತಿಗೆ ಒಂದು ದಿನ ಕೆಂಪು ಚೀಟಿ ಬಿತ್ತು. ಆ ದಿನ ಮಾವನಿಗೆ ಊಟವೂ ಬೀಳಲಿಲ್ಲ.

ಅಂಥ ಹೊತ್ತಿನಲ್ಲಿ, ಮೇಲೆ ಹೇಳಿದ ದಿನ, ಮೇಲೆ ಹೇಳಿದ ಗಂಟೆಗೆ, ನಾನು ಊಟದ ಮೇಜಿನ ಮುಂದೆ ಕೂತು ನನ್ನ ಇಯರ್‌ಬಡ್‌ನ ಜಾಲರಿಗೆ ಸೇಫ್ಟಿ ಪಿನ್ನು ಹಾಕಿ ಕೆದಕುತ್ತಿದ್ದೆ. ಧ್ವನಿಮುದ್ರಣ ಕೇಳಿ ಟೈಪ್ ಮಾಡಿಕೊಡುವುದು ನನ್ನ ಕೆಲಸ. ದಿನಕ್ಕೆ ಆರು ಗಂಟೆ ಕಿವಿಯಲ್ಲಿ ಏನಾದರೂ ಇರಲೇಬೇಕು. ಬಲಗಡೆಯದ್ದು ಮೂರು ದಿನದಿಂದ ನೆಗಡಿ ಬಂದವರಂತೆ ಮಾತಾಡುತ್ತಿತ್ತು.

“ಪಿನ್ನು ಕೆಳಗಿಡು!”

ಮಾವನ ಕೂಗಿಗೆ ಪಿನ್ನೂ ಬಿತ್ತು, ಇಯರ್‌ಬಡ್ಡೂ ಬಿತ್ತು.

“ಮಾವ, ಬರೀ ಮೇಣ ತೆಗೀತಿದ್ದೆ...”

“ಆ ಜಾಲರಿ ಎಷ್ಟು ತೆಳು ಇದೆ ಗೊತ್ತೇನೇ ಪುಟ್ಟಿ? ತೂತಾದ್ರೆ ಕೊಳೆ ಎಲ್ಲಾ ಸೀದಾ ಒಳಗೆ! ಕೊಡು ಇಲ್ಲಿ. ಈ ಕ್ಷಣದಿಂದ ಇದು ನನ್ನ ಕಸ್ಟಡಿ.”

ಜೋರಾಗಿ ಊದಿದರೆ ಸಾಲದೇ ಎಂದು ಕೇಳಿದೆ. ಮಾವ ಎರಡೂ ಕೈಯಿಂದ ಇಯರ್‌ಬಡ್ಸ್ ಮುಚ್ಚಿಕೊಂಡರು, ನಾನು ಅಲ್ಲಿಂದಲೇ ಊದಿಬಿಡುತ್ತೇನೋ ಎಂಬಂತೆ. “ಬಾಯಿಂದ ಊದಿದ್ರೆ ಗಾಳಿ ಮಾತ್ರ ಹೋಗುತ್ತಾ? ಎಂಜಲೂ ಹೋಗುತ್ತೆ.”

ಮುಂದಿನದನ್ನು ನಿಮಿಷದ ಲೆಕ್ಕದಲ್ಲಿ ಬರೆದಿಟ್ಟಿದ್ದೇನೆ. ಮೇಜಿನ ಮೇಲೆ ಬಿಳಿ ಪಂಚೆ ಹಾಸಿದರು. ತುದಿಯ ರಬ್ಬರ್ ಟೋಪಿಗಳನ್ನು ಬಿಚ್ಚಿ, ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದರು. ನೀರು ಕಂಡದ್ದು ಅವೆರಡೇ. ಉಳಿದದ್ದರ ಹತ್ತಿರ ಲೋಟವನ್ನೂ ಬಿಡಲಿಲ್ಲ. ಇಯರ್‌ಬಡ್ಡನ್ನು ಜಾಲರಿ ಕೆಳಮುಖವಾಗುವಂತೆ ಹಿಡಿದು, ಕೊಳೆ ಒಳಗೆ ಹೋಗದೆ ಕೆಳಗೆ ಉದುರುವ ಹಾಗೆ, ಮೆತ್ತನೆಯ ಒಣ ಬ್ರಷ್ಷಿನಿಂದ ಸವರಿದರು. ಚಾರ್ಜ್ ಆಗುವ ಚಿನ್ನದ ಬಣ್ಣದ ಚುಕ್ಕಿಗಳನ್ನೂ ಡಬ್ಬಿಯ ಮೂಲೆಗಳನ್ನೂ ಹತ್ತಿ ಕಡ್ಡಿಯಿಂದ ಒರೆಸಿದರು. ಇಷ್ಟಕ್ಕೆ ನಲವತ್ತು ನಿಮಿಷ. ಆಮೇಲೆ ಒಣಗಲು ಇಟ್ಟರು. ಎಷ್ಟು ಹೊತ್ತು? ಇಪ್ಪತ್ತಾರು ಗಂಟೆ! ಇಪ್ಪತ್ನಾಲ್ಕು ಗಂಟೆ ಒಣಗುವುದಕ್ಕೆ. ಇನ್ನೆರಡು ಗಂಟೆ ಅದು ನಿಜವಾಗಿಯೂ ಒಣಗಿದೆ ಎಂದು ಮಾವನಿಗೆ ನಂಬಿಕೆ ಬರುವುದಕ್ಕೆ.

ಕೊನೆಯದು ಪರೀಕ್ಷೆ. ಇದಕ್ಕೆ ಮಾವ ಹಾಡು ಹಾಕುವುದಿಲ್ಲ. “ಹಾಡು ಎಷ್ಟು ಜೋರಾಗಿ ಇರ್ಬೇಕು ಅಂತ ನನಗೇನು ಗೊತ್ತು? ಅಳತೆಗೆ ಗೊತ್ತಿರೋ ಶಬ್ದ ಬೇಕು” ಎಂದು ಅಮ್ಮನ ಕೂಗನ್ನೇ ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದರು. ಅಡುಗೆಮನೆಯಿಂದ ಮಹಡಿಗೆ, ದಿನವೂ ಮಧ್ಯಾಹ್ನ ಒಂದಕ್ಕೆ ಏಳುವ ಕೂಗು: “ಅಣ್ಣಾ! ಊಟಕ್ಕೆ ಬಾರೋ! ಅನ್ನ ಆರೋಗ್ತಾ ಇದೆ!” ಆ ಕೂಗು ಎರಡೂ ಕಿವಿಯಲ್ಲಿ ಸಮನಾಗಿ ಕೇಳಿಸಿದರೆ ಹಸಿರು ಚೀಟಿ. ಮಾವ ಅದನ್ನು ಫುಲ್ ವಾಲ್ಯೂಮಿನಲ್ಲೇ ಕೇಳುತ್ತಿದ್ದರು. ಎಷ್ಟೆಂದರೆ, ಅವರ ಕಿವಿಯಿಂದ ಸೋರಿದ ಕೂಗು ಅಡುಗೆಮನೆಯವರೆಗೂ ಬಂದು, “ಯಾರದು ನನ್ನ ಅಣ್ಣನ್ನ ಊಟಕ್ಕೆ ಕರೀತಿರೋದು?” ಎಂದು ಅಮ್ಮ ಒಂದೆರಡು ಸಲ ಹೊರಗೆ ಬಂದು ನೋಡಿದ್ದಾಳೆ. ಆಮೇಲೆ ನಿಜವಾದ ಅಮ್ಮ ನಿಜವಾಗಿ ಕೂಗಿದರೆ ಮಾವ ಬರುತ್ತಿರಲಿಲ್ಲ. ಯಾಕೆ? ಫೋನಿನಲ್ಲಿರುವ ಅಮ್ಮನನ್ನು ಪರೀಕ್ಷಿಸುತ್ತಿದ್ದಾರಲ್ಲ!

ನನ್ನ ಇಯರ್‌ಬಡ್ಸ್ ಪಾಸಾದವು. ನೆಗಡಿ ಮಾಯವಾಗಿತ್ತು. ಮೊದಲ ಹಸಿರು ಚೀಟಿ.

ಅಷ್ಟಕ್ಕೆ ನಿಂತಿದ್ದರೆ ಈ ಪ್ರಬಂಧ ಯಾಕೆ ಬರೆಯುತ್ತಿದ್ದೆ? ಫೆಬ್ರವರಿ ಹದಿನೈದರ ಶನಿವಾರ, ಸರಿಯಾದ ಬ್ರಷ್ ಬೇಕೆಂದು ಮಾವ ನನ್ನನ್ನು ಶಿವಾಜಿನಗರಕ್ಕೆ ಎಳೆದುಕೊಂಡು ಹೋದರು. ಅಂಗಡಿ ಮುಂದೆ ನಿಂತು, ಕಣ್ಣು ಮುಚ್ಚಿ, ಒಂದೊಂದೇ ಬ್ರಷ್ಷನ್ನು ರೆಪ್ಪೆಯ ಮೇಲೆ ಎಳೆದುಕೊಂಡು ನೋಡತೊಡಗಿದರು. ರೆಪ್ಪೆಗೆ ಚುಚ್ಚದ್ದು ಜಾಲರಿಗೂ ಚುಚ್ಚುವುದಿಲ್ಲ ಎಂಬುದು ಅವರ ಶಾಸ್ತ್ರ. ಹನ್ನೊಂದು ಬ್ರಷ್, ಮೂವತ್ತೈದು ನಿಮಿಷ. ಅಂಗಡಿಯವರು ಸಮಾಧಾನದಿಂದ ನೋಡಿದರು. ಆಮೇಲೆ ಕನ್ನಡಿ ತಂದು ಹಿಡಿದರು.

“ಕ್ಯಾ ಚಾಚಾ, ಮದುವೆ ಮೇಕಪ್ಪಾ? ಹುಡುಗಿ ಕಡೇವ್ರು ಒಪ್ಪಿದ್ರಾ?”

“ಒಪ್ಪೋದು ಅವರಲ್ಲ, ನಾನು” ಎಂದರು ಮಾವ ಕಣ್ಣು ಬಿಡದೆ. “ಹನ್ನೊಂದನೇದು ಪಾಸು. ಪ್ಯಾಕ್ ಮಾಡಿ.”

ಅಲ್ಲಿಂದ ಬೀದಿಯಲ್ಲೆಲ್ಲ ಹೆಸರು ಹಬ್ಬಿತು. ಪಕ್ಕದ ಮನೆಯವರ ಹೆಡ್‌ಫೋನು ಬಂತು. ಅದರ ಕಿವಿದಿಂಬು ಬಿಚ್ಚಿ, ನೀರು ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿದರು. ನಮ್ಮ ಕೆಳಗಿನ ಮನೆಗೆ ಬಾಡಿಗೆಗೆ ಬಂದಿರುವ ಕಲಬುರಗಿಯ ಅಕ್ಕ ತಮ್ಮದನ್ನೂ ತಂದರು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಅವರದು. ಊರಲ್ಲಿರುವ ತಾಯಿಯ ಜೊತೆ ಅಡುಗೆ ಮಾಡುತ್ತಲೇ ಮಾತಾಡುತ್ತಾರೆ. ಮಾರ್ಚ್ ಎಂಟಕ್ಕೆ ನನ್ನ ಲೆಕ್ಕ ಹೀಗಿತ್ತು: ಒಟ್ಟು ಹದಿನಾಲ್ಕು ಸೆಟ್, ಹದಿನಾಲ್ಕೂ ಹಸಿರು. ಒಳಗೆ ಸಿಕ್ಕಿದ್ದು: ಹನ್ನೆರಡರಲ್ಲಿ ಮೇಣ, ಮೂರರಲ್ಲಿ ಅರಿಶಿನ, ಎರಡರಲ್ಲಿ ಹಿಟ್ಟು, ಒಂದರಲ್ಲಿ ಇರುವೆ. ಇರುವೆಯ ಮಾಲೀಕರಿಗೆ ಮಾವ ಅದನ್ನು ಕಾಗದದಲ್ಲಿ ಸುತ್ತಿ, ಸಹಿ ಹಾಕಿಸಿಕೊಂಡು ವಾಪಸ್ ಕೊಟ್ಟರು.

ಮಹಡಿ ಕೋಣೆಯ ಗೋಡೆಯ ಮೇಲೆ ಹನ್ನೆರಡು ನಿಯಮಗಳು ಬಂದವು. ಮೊದಲನೆಯದು, ಕೆಂಪು ಶಾಯಿಯಲ್ಲಿ: ‘ಹತ್ತಿ ಕಡ್ಡಿ ಇರುವುದು ಡಬ್ಬಿ ಒರೆಸಲು. ಯಾರೂ ಅದನ್ನು ಸ್ವಂತ ಕಿವಿಗೆ ಹಾಕತಕ್ಕದ್ದಲ್ಲ.’ ಇದನ್ನು ನೆನಪಿಟ್ಟುಕೊಳ್ಳಿ.

ಹನ್ನೆರಡನೆಯದನ್ನೂ ನೆನಪಿಟ್ಟುಕೊಳ್ಳಿ: ‘ಕೆಲಸಕ್ಕೆ ತೆಗೆದುಕೊಂಡ ಪ್ರತಿ ಸಾಮಾನೂ ಎಣಿಸಿ ವಾಪಸ್ ಬರಬೇಕು. ಒಂದು ಕಡಿಮೆಯಾದರೂ ಯಾರೂ ಜಾಗ ಬಿಟ್ಟು ಕದಲುವಂತಿಲ್ಲ.’ ವಿಮಾನದ ಕೆಲಸದಲ್ಲಿ ಇದು ಸರಿಯೇ. ಒಂದು ಸ್ಪಾನರ್ ಕಾಣೆಯಾದರೆ ಅದು ಎಂಜಿನ್ ಒಳಗೇ ಇರಬಹುದಲ್ಲ. ಸಿಗುವವರೆಗೂ ವಿಮಾನ ಹಾರಬಾರದು. ಆದರೆ ನಮ್ಮ ಮನೆ ಎಲ್ಲಿಗೆ ಹಾರಬೇಕಿತ್ತು?

ಮಾರ್ಚ್ ಒಂಬತ್ತು, ಭಾನುವಾರ. ಅವತ್ತಿನ ಕೆಲಸಕ್ಕೆ ಹೊರಗೆ ತೆಗೆದ ಹತ್ತಿ ಕಡ್ಡಿ ಹನ್ನೆರಡು. ಕೆಲಸ ಮುಗಿದ ಮೇಲೆ ಎಣಿಸಿದರೆ ಹನ್ನೆರಡೂ ಇವೆ. ನಾನು ಎದ್ದು ಹೊರಟೆ.

“ಕೂತ್ಕೋ! ತುದಿ ಎಣಿಸು. ಹನ್ನೆರಡು ಕಡ್ಡಿಗೆ ಇಪ್ಪತ್ನಾಲ್ಕು ತುದಿ.”

ಎಣಿಸಿದೆ. ಇಪ್ಪತ್ತಮೂರು ತುದಿಯಲ್ಲಿ ಹತ್ತಿ ಇತ್ತು. ಒಂದು ತುದಿ ಬೋಳು!

ಮಾವ ಕೆಳಗಿಳಿದು ಹೋಗಿ ಬೀದಿ ಬಾಗಿಲ ಚಿಲಕ ಹಾಕಿದರು. ಗಂಟೆ ಹನ್ನೊಂದೂಕಾಲು. ಒಳಗೆ ಸಿಕ್ಕಿಬಿದ್ದವರು: ನಾನು, ಅಮ್ಮ, ಮತ್ತು ಸಕ್ಕರೆ ಕೇಳಲು ಬಂದಿದ್ದ ಕಲಬುರಗಿಯ ಅಕ್ಕ.

“ಅಣ್ಣಾರ, ನನ್ನ ಬಿಡ್ರಿ! ಒಲಿ ಮ್ಯಾಲ ಹಾಲು ಇಟ್ಟು ಬಂದೀನ್ರಿ!”

“ಹತ್ತಿ ಸಿಗೋವರೆಗೂ ಯಾರೂ ಹೋಗೋ ಹಾಗಿಲ್ಲಮ್ಮ.”

“ಹತ್ತಿ ಬೇಕಂದ್ರ ನಮ್ಮೂರಿಗೆ ಬರ್ರಿ, ಒಂದು ಲಾರಿ ಕೊಡಸ್ತೀನಿ! ಈಗ ಬಾಗಿಲಾ ತಗೀರಿ!”

“ಏನೋ ಅಣ್ಣ ಇದು?” ಎಂದು ಅಮ್ಮ ಸೊಂಟಕ್ಕೆ ಕೈಯಿಟ್ಟಳು. “ಕಡಲೆಕಾಳಿನಷ್ಟು ಹತ್ತಿಗೆ ಮನೆ ಜಪ್ತಿ ಮಾಡ್ತೀಯಾ?”

“ಯಾರದ್ದಾದ್ರೂ ಇಯರ್‌ಬಡ್ ಒಳಗೆ ಕೂತಿದ್ರೆ? ನಾನು ಹಸಿರು ಕಟ್ಟಿದ ಮಾಲು ವಾಪಸ್ ಬಂದ್ರೆ? ಮೂವತ್ನಾಲ್ಕು ವರ್ಷದ್ದು ಏನಾಗ್ಬೇಕು?”

ಕೊನೆಗೆ ಅಕ್ಕನ ಜೇಬಿಲ್ಲದ ನೈಟಿಯನ್ನೂ ಕೈಯಲ್ಲಿದ್ದ ಸಕ್ಕರೆ ಬಟ್ಟಲನ್ನೂ ದೂರದಿಂದಲೇ ಪರೀಕ್ಷಿಸಿ, ಒಲೆ ಆರಿಸಿ ಬರಲು ಮೂರು ನಿಮಿಷದ ಪರವಾನಗಿ ಕೊಟ್ಟರು. ಹಾಲು ಅಷ್ಟರಲ್ಲಿ ಪರವಾನಗಿ ಕೇಳದೆ ಹೊರಟುಹೋಗಿತ್ತು. ಮಿಕ್ಕವರು ಪಂಚೆ ಕೊಡವಿದೆವು, ಚಾಪೆ ಎತ್ತಿದೆವು, ಹಿಟ್ಟಿನ ಡಬ್ಬ ಜರಡಿ ಹಿಡಿದೆವು. ನನ್ನ ಜಡೆ ಬಿಚ್ಚಿಸಿ ಬಾಚಿಸಿದರು. ಕೋಣೆಯಲ್ಲಿದ್ದ ಎಲ್ಲ ಸೆಟ್ಟುಗಳ ಡಬ್ಬಿ ಮತ್ತೆ ತೆರೆದರು. ಎರಡು ಗಂಟೆ ಐವತ್ತು ನಿಮಿಷ ಹುಡುಕಿದ ಮೇಲೆ ಮಾವ ನೋಂದಣಿ ಪುಸ್ತಕದಲ್ಲಿ ‘ಪತ್ತೆಯಾಗಿಲ್ಲ’ ಎಂದು ಬರೆದು ಚಿಲಕ ತೆಗೆದರು. ಆ ಪದ ಬರೆಯುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಮೂವತ್ನಾಲ್ಕು ವರ್ಷದಲ್ಲಿ ಮೊದಲ ಸಲ ಬರೆದ ಪದವಂತೆ.

ಮರುದಿನದಿಂದ ಕೆಂಪು ಚೀಟಿಗಳ ಕಾಲ.

ಹದಿನೈದನೆಯ ಸೆಟ್: ಬಲ ಸರಿ, ಎಡ ಮಂದ. ಕೆಂಪು. ಹದಿನಾರು: ಬಲ ಸರಿ, ಎಡ ಮಂದ. ಹದಿನೇಳೂ ಹಾಗೇ. ಮೆತ್ತಗೆ ಮತ್ತೆ ಬ್ರಷ್ ಆಡಿಸಿದರು, ಮತ್ತೆ ಇಪ್ಪತ್ತಾರು ಗಂಟೆ ಒಣಗಿಸಿದರು, ಮತ್ತೆ ಅಮ್ಮನ ಕೂಗು ಹಾಕಿದರು. ಎಡ ಮಂದವೇ. ಎರಡನೆಯ ಸುತ್ತಿನ ಸ್ವಚ್ಛತೆಗೆಂದು ಬಂದಿದ್ದ ನನ್ನ ಇಯರ್‌ಬಡ್ಸ್ ಹದಿನೆಂಟನೆಯದಾಗಿ ಸೆರೆಯಾದವು.

“ಮಾವ, ನಾನು ಕೇಳಿ ನೋಡಿದೆ. ಎರಡೂ ಸಮ ಇದೆ. ಕೊಟ್ಬಿಡಿ, ನನಗೆ ಕೆಲಸ ಇದೆ.”

“ಮಾಲೀಕರ ಮಾತು ಪರೀಕ್ಷೇಲಿ ನಡೆಯಲ್ಲ ಪುಟ್ಟಿ. ಪೈಲಟ್‌ನ ಕೇಳಿದ್ರೆ ಯಾವತ್ತೂ ವಿಮಾನ ಚೆನ್ನಾಗಿದೆ ಅಂತಾನೇ ಹೇಳ್ತಾನೆ. ಅವನಿಗೆ ಹಾರೋ ಆತುರ.”

“ಹಾಗಿದ್ರೆ ಎಡದ್ದನ್ನ ನಿಮ್ಮ ಬಲಗಿವಿಗೆ ಹಾಕಿ ನೋಡಿ.”

ಎಡ ರೆಕ್ಕೆಯನ್ನು ಬಲಕ್ಕೆ ಜೋಡಿಸಲು ಹೇಳಿದವಳನ್ನು ನೋಡುವ ಹಾಗೆ ಮಾವ ನನ್ನನ್ನು ನೋಡಿದರು. “ಅದರ ಮೇಲೆ ಎಡ ಅಂತ ಬರೆದಿದೆ. ಎಡದ್ದು ಎಡಕ್ಕೇ. ನಿಯಮ ಏಳು.”

ಮಾರ್ಚ್ ಇಪ್ಪತ್ತೊಂದರ ಹೊತ್ತಿಗೆ ಒಂಬತ್ತು ಸೆಟ್ ಕೆಂಪು. ನನ್ನ ಹಾಗೇ ಎರಡನೆಯ ಸುತ್ತಿಗೆ ಕೊಟ್ಟಿದ್ದ ಕಲಬುರಗಿಯ ಅಕ್ಕ ದಿನಾ ಮಹಡಿ ಮೆಟ್ಟಿಲ ಕೆಳಗೆ ನಿಂತು, “ಅಣ್ಣಾರ, ನಮ್ಮವ್ವ ಕಾಯಾಕತ್ತಾಳ್ರಿ” ಎಂದು ಕೂಗುತ್ತಿದ್ದರು. ಮೊದಮೊದಲು ಮಾವ ಉತ್ತರ ಕೊಡುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. ಜಂಬದ ಮಾತಿನ ಲೆಕ್ಕ ದಿನಕ್ಕೆ ಎರಡರಿಂದ ಸೊನ್ನೆಗೆ ಇಳಿಯಿತು. ಊಟದಲ್ಲಿ ಚಪಾತಿಯ ಅಂಚನ್ನು ಮುಟ್ಟಿಯೂ ನೋಡಲಿಲ್ಲ. ಅಮ್ಮನಿಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಇಪ್ಪತ್ತೆರಡರ ಶನಿವಾರ ಬೆಳಿಗ್ಗೆ ನೋಡಿದರೆ ಮಾವ ಬ್ರಷ್ಷು, ಪಂಚೆ, ಚೀಟಿ ಎಲ್ಲವನ್ನೂ ಪೆಟ್ಟಿಗೆಗೆ ತುಂಬುತ್ತಿದ್ದರು.

“ನನ್ನ ಕೈ ಕೆಟ್ಟಿದೆ ಪುಟ್ಟಿ. ಎಡಗಡೇದೆಲ್ಲ ನಾನೇ ಹಾಳು ಮಾಡಿದ್ದೀನಿ. ಒಂಬತ್ತು ಜನಕ್ಕೂ ಹೊಸದು ತಂದುಕೊಟ್ಟು ಇದನ್ನ ಮುಚ್ಚಿಬಿಡ್ತೀನಿ. ಅಲ್ಲಿದ್ದಾಗಲೂ ಕೆಟ್ಟಿತ್ತೋ ಏನೋ, ಯಾರಿಗೆ ಗೊತ್ತು? ನನಗೆ ತಿಳೀದೆ ಯಾವ್ಯಾವುದಕ್ಕೆ ಹಸಿರು ಕಟ್ಟಿದ್ನೋ.”

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಪಟ್ಟಿ ಮಾಡಲು ಬರುತ್ತದೆ. ಕೆಳಗೆ ಹೋಗಿ ನೋಟ್‌ಬುಕ್ಕು ತಂದು, ಒಂದು ಪುಟ ತೆರೆದು ಅವರ ಮುಂದಿಟ್ಟೆ. ಮಾರ್ಚ್ ಎಂಟರವರೆಗೆ ಹದಿನಾಲ್ಕು ಸೆಟ್, ಎಡ ಮಂದವಾದದ್ದು ಸೊನ್ನೆ. ಮಾರ್ಚ್ ಹತ್ತರಿಂದ ಒಂಬತ್ತು ಸೆಟ್, ಎಡ ಮಂದವಾದದ್ದು ಒಂಬತ್ತು. ಅದರಲ್ಲಿ ಒಂದು ಸೆಟ್ಟು ಪಕ್ಕದ ಮನೆಯವರು ಅಂಗಡಿಯಿಂದ ನೇರ ತಂದದ್ದು, ಇನ್ನೂ ಯಾರ ಕಿವಿಯನ್ನೂ ನೋಡದ್ದು. ನಡುವೆ ಒಂದೇ ಸಾಲು: ಮಾರ್ಚ್ ಒಂಬತ್ತು, ಹತ್ತಿ ತುದಿ ಒಂದು, ಪತ್ತೆಯಾಗಿಲ್ಲ.

ಮಾವ ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು. ಮಾವ ಪೆಟ್ಟಿಗೆ ತೆರೆದು ಕೆಂಪು ಚೀಟಿಯೊಂದನ್ನು ತೆಗೆದು ಚೆಂದದ ಅಕ್ಷರದಲ್ಲಿ ತುಂಬಿದರು. ‘ಭಾಗ: ಕಿವಿ, ಎಡ. ದೋಷ: ಮಂದ. ಕಾರಣ: ಒಳಗೆ ಹೊರವಸ್ತು ಇರುವ ಅನುಮಾನ. ಪರೀಕ್ಷಕರ ತಪ್ಪು.’ ಕೆಳಗೆ ಸಹಿ. ಅದರ ದಾರವನ್ನು ತಮ್ಮ ಎಡಗಿವಿಗೇ ಸುತ್ತಿ ಗಂಟು ಹಾಕಿಕೊಂಡರು!

“ಅಯ್ಯೋ ರಾಮಾ!” ಎಂದಳು ನನ್ನ ಹಿಂದೆಯೇ ಮೇಲೆ ಬಂದಿದ್ದ ಅಮ್ಮ. “ನಿಯಮ ಒಂದು ಬರೆದೋನು ನೀನೇ ತಾನೇ?”

“ಒಂದೇ ಒಂದು ಸಲ” ಎಂದರು ಮಾವ ಗೋಡೆ ನೋಡುತ್ತ. “ಅವತ್ತು ನಿನ್ನ ಕೂಗು ಯಾಕೋ ಮೆತ್ತಗೆ ಕೇಳಿಸ್ತು. ಎರಡೂ ಕಡೆ. ನನ್ನ ಕಿವೀನೇ ಕೊಳೆ ಆಗಿರ್ಬೇಕು ಅಂತ...”

ಇಂದಿರಾನಗರದ ಕಿವಿ ಡಾಕ್ಟರ ಬಳಿಗೆ ಆಟೋದಲ್ಲಿ ಹೊರಟೆವು. ಚೀಟಿ ಗಾಳಿಗೆ ಪಟಪಟ ಹಾರುತ್ತಿತ್ತು. ಸಿಗ್ನಲ್ಲಿನಲ್ಲಿ ಆಟೋದವರು ಕನ್ನಡಿಯಲ್ಲಿ ನೋಡಿ, “ಏನ್ ಸಾರ್, ಸೇಲ್‌ಗಿದ್ದೀರಾ?” ಎಂದರು.

“ಅದನ್ನ ಬಿಚ್ಚಿ ಮಾವ, ಎಲ್ಲಾ ನೋಡ್ತಿದ್ದಾರೆ.”

“ಕೆಂಪು ಚೀಟಿ ಬಿಚ್ಚೋ ಅಧಿಕಾರ ರಿಪೇರಿ ಮಾಡಿದವರಿಗೆ ಮಾತ್ರ.”

ಚೀಟಿ ಬಿಚ್ಚಿದ್ದು ಡಾಕ್ಟರು. ಓದಿದರು. ಮತ್ತೆ ಓದಿದರು. “ನನ್ನ ಸರ್ವಿಸ್‌ನಲ್ಲಿ ಇಷ್ಟು ಸ್ಪಷ್ಟವಾಗಿ ಬರೆದುಕೊಂಡು ಬಂದ ಪೇಷಂಟು ನೀವೇ ಮೊದಲು” ಎಂದು ಒಳಗೆ ದೀಪ ಬಿಟ್ಟು, ಸಣ್ಣ ಚಿಮಟದಿಂದ ಹೊರಗೆಳೆದರು. ಕಂದು ಬಣ್ಣಕ್ಕೆ ತಿರುಗಿದ, ಕಡಲೆಕಾಳಿನಷ್ಟು ಹತ್ತಿ. “ಕಡ್ಡಿ ಹಾಕಿದ್ರೆ ಮೇಣ ಹೊರಗೆ ಬರಲ್ಲ ಸರ್, ಇನ್ನೂ ಒಳಕ್ಕೆ ಹೋಗುತ್ತೆ. ಇದು ನಿಮಗೆ ಗೊತ್ತಿರಲಿಲ್ವಾ?”

“ಗೋಡೆ ಮೇಲೆ ಬರೆದಿದ್ದೀನಿ ಡಾಕ್ಟ್ರೇ” ಎಂದರು ಮಾವ ತಲೆ ತಗ್ಗಿಸಿ. ಆಮೇಲೆ ಹತ್ತಿಯನ್ನು ಕಸದ ಬುಟ್ಟಿಗೆ ಹಾಕಲು ಬಿಡದೆ ಕವರಿನಲ್ಲಿ ಕೇಳಿ ಪಡೆದರು. “ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕು! ಬರ್ಕೋ ಪುಟ್ಟಿ.”

ಬರೆದುಕೊಂಡೆ. ಆದರೆ ಡಾಕ್ಟರು ನಮ್ಮನ್ನು ಬಿಡಲಿಲ್ಲ. ಮಾವನನ್ನು ಗಾಜಿನ ಸಣ್ಣ ಕೋಣೆಯಲ್ಲಿ ಕೂರಿಸಿ, ದೊಡ್ಡ ಹೆಡ್‌ಫೋನು ಹಾಕಿ, ಒಂದೊಂದೇ ಶಬ್ದ ಕಳಿಸಿ ಕಾಗದದಲ್ಲಿ ಗೆರೆ ಎಳೆದರು. ಶಬ್ದ ಕೇಳಿಸಿದರೆ ಕೈಯೆತ್ತಬೇಕು. ಮಾವ ತುಂಬ ಹೊತ್ತು ಕೈಯೆತ್ತದೆ ಕೂತಿದ್ದರು. ಗಾಜಿನಾಚೆಯಿಂದ ನನ್ನ ಕಡೆ ನೋಡಿ, ಶುರುವಾಯಿತೇ ಎಂದು ಕಣ್ಣಲ್ಲೇ ಕೇಳಿದರು. ಯಾವಾಗಲೋ ಶುರುವಾಗಿತ್ತು.

ಹೊರಗೆ ಬಂದು ಕಾಗದ ನೋಡಿ ಮಾವ ಹಿಗ್ಗಿದರು. “ಎಡ ಬಲ ಎರಡು ಗೆರೇನೂ ಒಂದೇ ಸಮ ಇದೆಯಲ್ಲ! ಪಾಸು ತಾನೇ ಡಾಕ್ಟ್ರೇ?”

“ಸಮ ಇದೆ ಸರ್” ಎಂದರು ಡಾಕ್ಟರು ಮೆಲ್ಲಗೆ. ಆಮೇಲೆ ಮಾವನಿಗೆ ಕೇಳಿಸಲೆಂದು ಜೋರಾಗಿ ಹೇಳಿದರು. “ಸಮವಾಗಿ ಕಡಿಮೆ ಇದೆ. ಮೂರ್ನಾಲ್ಕು ವರ್ಷದಿಂದ ಇಳೀತಾ ಬಂದಿರ್ಬೇಕು. ವಯಸ್ಸಿಗೆ ಆಗೋದೇ. ಎರಡಕ್ಕೂ ಮಷಿನ್ ಹಾಕೋಣ.”

ವಾಪಸ್ ಆಟೋದಲ್ಲಿ ಹೊರಟೆವು. ದೊಮ್ಮಲೂರಿನ ಮೇಲ್ಸೇತುವೆ ಬಳಸಿ ಸುತ್ತಿಕೊಂಡು ಬಂದ ಆ ದಾರಿಯಲ್ಲಿ ಮಾವ, “ಹಾಗಿದ್ರೆ ಕೈ ಕೆಟ್ಟಿಲ್ಲ” ಎಂದರು. “ಇಲ್ಲ ಮಾವ” ಎಂದೆ. ಕೇಳಿಸಿತೋ ಇಲ್ಲವೋ ಎಂದು ತಲೆಯನ್ನೂ ಆಡಿಸಿದೆ. ಮನೆಗೆ ಬಂದವರೇ ಒಂಬತ್ತು ಕೆಂಪು ಚೀಟಿ ಬಿಚ್ಚಿ ಹಸಿರು ಕಟ್ಟಿದರು. ಅಕ್ಕ ಅವತ್ತು ತಮ್ಮ ಅವ್ವನ ಜೊತೆ ಒಂದೂಕಾಲು ಗಂಟೆ ಮಾತಾಡಿದರು.

ಏಪ್ರಿಲ್ ಆರು, ಭಾನುವಾರ. ಕಿವಿ ಮಷಿನ್‌ಗಳು ಬಂದು ಎರಡನೆಯ ದಿನ. ಮಾವ ಮಹಡಿಯಿಂದ ಇಳಿದು ಹಜಾರದಲ್ಲಿ ಪೇಪರ್ ಓದುತ್ತ ಕೂತಿದ್ದರು. ಗಂಟೆ ಒಂದು. ಅಭ್ಯಾಸದಂತೆ ಅಡುಗೆಮನೆಯಿಂದ ಎದ್ದಿತು: “ಅಣ್ಣಾ! ಊಟಕ್ಕೆ ಬಾರೋ! ಅನ್ನ ಆರೋಗ್ತಾ ಇದೆ!”

ಮಾವನ ಕೈಯಿಂದ ಪೇಪರ್ ಹಾರಿತು. ಎರಡೂ ಕಿವಿ ಮುಚ್ಚಿಕೊಂಡರು. “ಯಾಕಮ್ಮಾ ಹಾಗೆ ಕೂಗ್ತೀಯಾ? ಇಲ್ಲೇ ಇದ್ದೀನಲ್ಲ!”

ಅಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದು ನಿಂತಳು. ಅರಿಶಿನದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, “ಅಣ್ಣ, ಊಟಕ್ಕೆ ಬಾ” ಎಂದಳು.

ಆ ಧ್ವನಿ ಯಾರದೆಂದು ನನಗೆ ಒಂದು ಕ್ಷಣ ತಿಳಿಯಲಿಲ್ಲ. ಅಮ್ಮನದು ದೊಡ್ಡ ಗಂಟಲು ಎಂದೇ ನಾನು ನಂಬಿದ್ದೆ. ನಾಲ್ಕು ವರ್ಷದ ಹಿಂದಿನ ಅಮ್ಮನ ಧ್ವನಿ ಮರೆತೇಹೋಗಿತ್ತು. ಏನೂ ಹೇಳದೆ, ಏನೂ ಕೇಳದೆ, ಅಣ್ಣನ ಕಿವಿ ಇಳಿದಷ್ಟೂ ತಂಗಿಯ ದನಿ ಏರುತ್ತ ಬಂದಿತ್ತು. ಇಬ್ಬರಿಗೂ ಗೊತ್ತಿರಲಿಲ್ಲ. ಎಲ್ಲವನ್ನೂ ಬರೆದಿಡುವ ನನ್ನ ನೋಟ್‌ಬುಕ್ಕಿನಲ್ಲಿಯೂ ಅದರ ಒಂದು ಸಾಲಿಲ್ಲ.

“ಇನ್ನೊಂದ್ಸಲ ಹೇಳು” ಎಂದರು ಮಾವ, ಫೋನು ಹೊರತೆಗೆದು ಮುಂದೆ ಹಿಡಿದು. ಅಮ್ಮ ಹೇಳಿದಳು. ಈಗ ಪರೀಕ್ಷೆಯ ಶಬ್ದ ಅದೇ. ಹಳೆಯ ಕೂಗಿಗೆ ಕೆಂಪು ಚೀಟಿ ಬಿದ್ದಿದೆ.

ಒಂದು ತೊಂದರೆ ಮಾತ್ರ ಉಳಿದಿದೆ. ಕಿವಿ ಮಷಿನ್‌ಗಳಿಗೂ ರಬ್ಬರ್ ಟೋಪಿ ಇದೆ, ಜಾಲರಿ ಇದೆ, ಮೇಣ ಕೂರುತ್ತದೆ. ಮಾವ ಅವನ್ನು ಪ್ರತಿ ಶನಿವಾರ ಅದೇ ನಿಯಮದಂತೆ ಶುಚಿ ಮಾಡಿ ಇಪ್ಪತ್ತಾರು ಗಂಟೆ ಒಣಗಿಸುತ್ತಾರೆ. ಒಂದು ರಾತ್ರಿ ಸಾಕು ಎಂದು ಡಾಕ್ಟರು ಹೇಳಿದ್ದನ್ನು ‘ಮಾಲೀಕರ ಆತುರ’ದ ಕೆಳಗೆ ಬರೆದುಕೊಂಡಿದ್ದಾರೆ. ಇಪ್ಪತ್ತಾರು ಗಂಟೆಯಲ್ಲಿ ಎರಡು ಊಟ, ಎರಡು ತಿಂಡಿ ಬರುತ್ತವೆ. ಇದುವರೆಗೆ ಮೂರು ಶನಿವಾರ, ಹನ್ನೆರಡು ಕೂಗು. ಇದಕ್ಕಿಂತ ಕಡಿಮೆ ಹೊತ್ತಿನಲ್ಲಿ ಅವು ಪೂರ್ತಿ ಒಣಗುತ್ತವೆ ಎಂದು ಒಬ್ಬ ಪರೀಕ್ಷಕರನ್ನು ಒಪ್ಪಿಸುವಷ್ಟು ತಿಳಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಸ್ವಲ್ಪ ಬೇಗ ಬರೆಯಿರಿ. ಅಷ್ಟು ಹೊತ್ತೂ ಅಮ್ಮ ಮತ್ತೆ ಕೂಗಬೇಕಾಗುತ್ತದೆ.